ಸೊಂಟದ ಕೀಲುಸವೆತ: ಪ್ರಾಥಮಿಕ ಚಿಕಿತ್ಸೆ
ಸೊಂಟದ ಕೀಲುಸವೆತವೆಂದರೆ ತೊಡೆಮೂಳೆಯ ತಲೆ ಕೂರುವ ಕೀಲಿನ ಮೃದ್ವಸ್ಥಿ ಸವೆದು ಬರುವ ಆಸ್ಟಿಯೋಆರ್ಥ್ರೈಟಿಸ್. ಮಂಡ್ಯ ತಾಲ್ಲೂಕಿನ ಬಸರಾಳು ಹೋಬಳಿಯಂಥ ಕೃಷಿ ಸೀಮೆಯಲ್ಲಿ ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಕಳೆ ಕೀಳುವುದೂ ಶೌಚಕ್ಕೆ ಹೋಗುವುದೂ ಕಷ್ಟ. ನೋವು ತೊಡೆಸಂದಿನಲ್ಲಿರುತ್ತದೆ, ಕೆಲವರಿಗೆ ಮಂಡಿಯಲ್ಲಷ್ಟೇ ಕಾಣಿಸಿ ವೈದ್ಯರ ದಾರಿ ತಪ್ಪಿಸುತ್ತದೆ. ಆದ್ದರಿಂದ ಮಂಡಿನೋವೆಂದು ಬಂದವರ ಸೊಂಟವನ್ನೂ ನೋಡಲೇಬೇಕು. ಅಂಗಾತ ಮಲಗಿಸಿ, ಸೊಂಟ ಮತ್ತು ಮಂಡಿ ಮಡಿಸಿ, ಪಾದವನ್ನು ಹೊರಕ್ಕೆ ಸರಿಸಿದಾಗ ತೊಡೆ ತಿರುಗದೆ ನೋವಾದರೆ ಅನುಮಾನ ಬಲವಾಗುತ್ತದೆ. 45 ದಾಟಿದವರಲ್ಲಿ ನಡೆದಾಗ ನೋವು, 30 ನಿಮಿಷದೊಳಗೆ ಸಡಿಲವಾಗುವ ಬೆಳಗಿನ ಬಿಗಿತ ಇದ್ದರೆ ಸಾಮಾನ್ಯವಾಗಿ ಎಕ್ಸ್‌ರೇ ಇಲ್ಲದೆಯೂ ರೋಗ ನಿರ್ಧರಿಸಬಹುದು.

ಪೃಷ್ಠ ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಶುರುವಿನಲ್ಲಿ ತುಸು ನೋವಾದರೂ ಬಿಡಬಾರದು. ಬೊಜ್ಜಿದ್ದರೆ ತೂಕ ಇಳಿಸಬೇಕು. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ಕಮೋಡ್ ಕುರ್ಚಿ ಬಹಳ ನೆರವಾಗುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆ ಅಲ್ಪಾವಧಿಗೆ ಮಾತ್ರ, ಅದೂ ಮೂತ್ರಪಿಂಡ, ಬಿ.ಪಿ., ಹೊಟ್ಟೆಹುಣ್ಣು ವಿಚಾರಿಸಿಯೇ. ಸ್ಟಿರಾಯ್ಡ್ ಮಾತ್ರೆಯ ದೀರ್ಘ ಬಳಕೆ ತೊಡೆಮೂಳೆಯ ತಲೆಯನ್ನೇ ಸಾಯಿಸಬಲ್ಲದು.

ಜ್ವರ, ಬಿದ್ದ ಮೇಲೆ ಕಾಲೂರಲಾಗದಿರುವುದು, ಕ್ಯಾನ್ಸರ್ ಇತಿಹಾಸ ಇದ್ದರೆ ತಡಮಾಡದೆ ಮಂಡ್ಯದ ಮಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಉಳಿದವರಲ್ಲಿ ಕೆಲವು ತಿಂಗಳ ಚಿಕಿತ್ಸೆಯ ನಂತರವೂ ನಿದ್ರೆ, ನಡಿಗೆ ಕೆಡುತ್ತಿದ್ದರೆ ಕೀಲು ಬದಲಾವಣೆಯ ಸಲಹೆಗೆ ಕಳಿಸಬೇಕು. ವಯಸ್ಸಿನ ನೆಪದಲ್ಲಿ ತಡೆಯಬಾರದು.