ಮದಲಗಿತ್ತಿ
ಹಳಗನ್ನಡದ ‘ಮದವಳಿಗ’ ಎಂದರೆ ವರ. ಅದೇ ಬಳಗದ ಹೆಣ್ಣುರೂಪ ‘ಮದಲಗಿತ್ತಿ’. ಒಕ್ಕಲಗಿತ್ತಿಯಲ್ಲಿರುವ ‘ಇತ್ತಿ’ ಇಲ್ಲೂ ಇದೆ. ರೋಣ, ನರಗುಂದ, ಗಜೇಂದ್ರಗಡದ ಹಂದರದಲ್ಲಿ ‘ಮದುಮಗಳು’ ಎಂದರೂ ಅವಳೇ. ಕನ್ನಡ ಬೈಬಲ್ಲಿನ ಪ್ರಕಟನೆ 21ರಲ್ಲಿ ಹೊಸ ಯೆರೂಸಲೇಮ್ ಸಿಂಗಾರಗೊಂಡ ಮದಲಗಿತ್ತಿಯಂತೆ ಇಳಿದುಬರುತ್ತದೆ. ವರ ಕ್ರಿಸ್ತ, ವಧು ಸಭೆ, ಅಂದರೆ ಮೀಸೆ ಹೊತ್ತ ಗಂಡಸರೂ ಸೇರಿದಂತೆ ಇಡೀ ಭಕ್ತಸಮುದಾಯ! ನಿಶ್ಚಯ ಆಗಿದೆ, ಮದುವೆ ಬಾಕಿ ಇದೆ. ಆ ನಡುವಿನ ಕಾಯುವಿಕೆಯೇ ಕ್ರೈಸ್ತರ ನಿರೀಕ್ಷೆ. 1841ರಲ್ಲಿ ಗದಗದ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್‌ನವರ ಬಾಯಲ್ಲಿ ಈ ಮಾತು ಬಂದಾಗ, ವಚನಕಾರರ ‘ಶರಣಸತಿ ಲಿಂಗಪತಿ’ ಭಾವ (ಭಕ್ತ ಸತಿ, ಲಿಂಗ ಪತಿ) ಬಲ್ಲ ಸೀಮೆಗೆ ಅದು ತೀರಾ ಹೊಸದೆನಿಸಿರಲಾರದು. ಆದರೆ ಅಲ್ಲಿ ಒಬ್ಬೊಬ್ಬ ಶರಣನೂ ಸತಿ. ಇಲ್ಲಿ ಸಭೆಯೆಲ್ಲ ಕೂಡಿ ಒಬ್ಬಳೇ ಮದಲಗಿತ್ತಿ.