ಸೂಯೆಜ್ ದಾಟುವವರಿಗೆ ನಾಲ್ಕು ಮಾತು

ನಮ್ಮ ಜೀವನ್ ಬಿಮಾ ನಗರಕ್ಕೆ ಹೆಸರಿತ್ತ ಜೀವ ವಿಮಾ ನಿಗಮವೂ ಸೂಯೆಜ್ ಕಾಲುವೆಯ ರಾಷ್ಟ್ರೀಕರಣವೂ ಒಂದೇ ವರ್ಷದ ಕೂಸುಗಳು. 1956ರ ಜುಲೈ 26ರಂದು ನಾಸೆರ್ ಕಾಲುವೆಯ ಕಂಪೆನಿಯನ್ನು ಈಜಿಪ್ಟಿನ ಸ್ವತ್ತೆಂದು ಸಾರಿದರು. ಸೆಪ್ಟೆಂಬರ್ 1ರಂದು ನಮ್ಮ ನಿಗಮ ಜನ್ಮ ತಾಳಿತು. ಒಂದರ ದೆಸೆಯಿಂದ ಯುದ್ಧವೇ ಆಯಿತು. ಇನ್ನೊಂದರಿಂದ ನಮಗೊಂದು ಬಡಾವಣೆ ಆಯಿತು!

ಇದೇ ಬಡಾವಣೆಯ ನಿವೃತ್ತ ಮಿತ್ರರೊಬ್ಬರಿಗೆ ಹಡಗಿನಲ್ಲಿ ಯೂರೋಪಿಗೆ ಹೋಗುವ ಹಂಬಲ. “ಸೂಯೆಜಿನಲ್ಲಿ ನೋಡುವುದೇನಿದೆ ಸ್ವಾಮಿ? ಎರಡು ಕಡೆ ಮರಳು ತಾನೆ?” ಎಂದರು. ಅವರಿಗೆ ಹೇಳಿದ್ದನ್ನೇ ವಾಚಕರಿಗೂ ಹೇಳುತ್ತೇನೆ.

ಮೊದಲು ಕೆಂಪು ಸಮುದ್ರದ ಸಮಾಚಾರ ತಿಳಿದುಕೊಂಡು ಆಮೇಲೆ ಟಿಕೆಟ್ಟು ಕೊಳ್ಳಬೇಕು. 2023ರ ಕೊನೆಯಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ನಡೆದು, ಎಷ್ಟೋ ನೌಕೆಗಳು ವಾಸ್ಕೊ ಡ ಗಾಮನ ಹಳೆಯ ದಾರಿಯನ್ನೇ ಹಿಡಿದವು. ಇನ್ನು, ಕಾಲುವೆಯ ದಿನ ನಿದ್ದೆಯ ಆಸೆ ಬಿಡಬೇಕು. ಹಡಗುಗಳು ಸಾಲುಗಟ್ಟಿ ಸೂಯೆಜಿನಿಂದ ಸಾಮಾನ್ಯವಾಗಿ ನಸುಕಿನಲ್ಲೇ ಹೊರಡುತ್ತವೆ. 193 ಕಿಲೋಮೀಟರು ದಾರಿಗೆ ಹನ್ನೆರಡು ಗಂಟೆಯ ಆಸುಪಾಸು ಹಿಡಿಯುತ್ತದೆ. ಚಳಿಗಾಲವಾದರೆ ಬೆಳಗಿಗೆ ಶಾಲು, ಮಧ್ಯಾಹ್ನಕ್ಕೆ ಟೋಪಿ.

ಪನಾಮದಂತೆ ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ಇಳಿಸುವ ಬಾಗಿಲುಗಳು ಇಲ್ಲಿಲ್ಲ. ನೆಪೋಲಿಯನ್ನನ ಎಂಜಿನಿಯರುಗಳು ಕೆಂಪು ಸಮುದ್ರ ಸುಮಾರು 10 ಮೀಟರು ಎತ್ತರದಲ್ಲಿದೆಯೆಂದು ತಪ್ಪು ಲೆಕ್ಕ ಹಾಕಿದ್ದರು. 1847ರಲ್ಲಿ ಮತ್ತೆ ಅಳೆದಾಗ ಎರಡು ಸಮುದ್ರಗಳೂ ಹೆಚ್ಚುಕಡಮೆ ಒಂದೇ ಮಟ್ಟವೆಂದು ಖಚಿತವಾಯಿತು. ಅಗೆತ 1859ರಲ್ಲಿ ಶುರುವಾಗಿ 1869ರ ನವೆಂಬರ್ 17ರಂದು ಕಾಲುವೆ ತೆರೆಯಿತು. ಕೀರ್ತಿ ಲೆಸೆಪ್ಸ್‌ಗೆ ಸಂದಿತು. ಮೊದಲ ವರ್ಷಗಳಲ್ಲಿ ಅಗೆದವರು ಬಿಟ್ಟಿ ದುಡಿಮೆಗೆ ಹಿಡಿದು ತಂದ ಈಜಿಪ್ಟಿನ ರೈತರು. ಅವರ ಬಾಯಾರಿಕೆಗೆಂದು ನೈಲ್ ನೀರನ್ನು ಬೇರೊಂದು ಕಾಲುವೆಯಲ್ಲಿ ತರಬೇಕಾಯಿತು. ಉತ್ತರಕ್ಕೆ ಹೋಗುವಾಗ ಎಡಗಡೆ ಕಾಣುವ ಹಸಿರು ಆ ಸಿಹಿನೀರಿನದು. ಬಲಗಡೆ ಸಿನಾಯಿಯ ಬರಿ ಮರಳು. ಎಡಬದಿಯ ಕೋಣೆಯನ್ನೇ ಕೇಳಿರಿ.

ದಾರಿಯಲ್ಲಿ ಸಿಗುವ ದೊಡ್ಡ ಕಹಿ ಸರೋವರದಲ್ಲಿ 1967ರ ಯುದ್ಧದಿಂದ 14 ಹಡಗುಗಳು ಎಂಟು ವರ್ಷ ಸೆರೆ ಬಿದ್ದಿದ್ದವು. ನಾವಿಕರು ಬೇಸರ ಕಳೆಯಲು ತಮ್ಮದೇ ಅಂಚೆ ಚೀಟಿ ಮಾಡಿಕೊಂಡಿದ್ದರಂತೆ.

ಎಡಬದಿಯೆಂದದ್ದು ಹಸಿರಿಗಾಗಿ ಮಾತ್ರವಲ್ಲ. ಕಾಲುವೆಯ ಬಾಯಿಯಲ್ಲಿರುವ ಪೋರ್ಟ್ ತೌಫೀಕಿನಲ್ಲಿ ಎರಡು ಹುಲಿಗಳು ಕಾದು ನಿಂತ ಸ್ಮಾರಕವೊಂದು 1926ರಿಂದ ಇತ್ತು. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ತೈನುಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರ ನೆನಪಿನದು. ಹಿಂದೆ ವಿಲಾಯತಿಗೆ ಓದಲು ಹೋದ ನಮ್ಮ ಹುಡುಗರಿಗೆ ಹಡಗಿನಿಂದಲೇ ಅದು ಕಾಣುತ್ತಿತ್ತು. 1967ರ ನಂತರದ ಕದನಗಳಲ್ಲಿ ಅದು ನುಚ್ಚುನೂರಾಯಿತು. 1980ರಲ್ಲಿ ಅದರ ಬದಲಿಗೆ ಕೈರೋ ಬಳಿಯ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಫಲಕ ಹಾಕಿದರು. ಕಾಲುವೆಯಲ್ಲಿ ಸಾಗುವವನಿಗೆ ಅದು ಕಾಣುವುದಿಲ್ಲ.

ಈ ಕಾಲುವೆಗೂ ನಮ್ಮೂರಿಗೂ ನಂಟು ಹಳೆಯದು. 1882ರಲ್ಲಿ ಆಂಗ್ಲರು ಈಜಿಪ್ಟಿನ ಮೇಲೆ ಬಿದ್ದಾಗ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ತೆಲ್-ಎಲ್-ಕೆಬೀರಿನ ಕದನದಲ್ಲಿದ್ದರು. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಕಾಲುವೆಯ ಕಾವಲಿಗೆ ಹೋಯಿತು. 1915ರ ಫೆಬ್ರವರಿ 2ರ ರಾತ್ರಿ ತುರ್ಕರು ಸಿನಾಯಿ ಮರಳುಗಾಡಿನುದ್ದಕ್ಕೂ ಎಳೆದು ತಂದ ದೋಣಿಗಳನ್ನು ನೀರಿಗಿಳಿಸಿದರು. ಈಚೆ ದಡದಲ್ಲಿ ಗುಂಡು ಹಾರಿಸಿ ತಡೆದವರಲ್ಲಿ ಭಾರತೀಯರೇ ಬಹಳ. ಯಾರ ಕಾಲುವೆ, ಯಾರ ಸಾಮ್ರಾಜ್ಯ, ಯಾರ ಪ್ರಾಣ! ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಾಲುವೆಯ ದಂಡೆಯ ಕಾವಲನ್ನು ಹೇಳುವವರಿಲ್ಲ.

ಹೊರಡುವ ಮುನ್ನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ಒಮ್ಮೆ ನೋಡಿ ಬನ್ನಿ ಎಂದೆ. ನಮ್ಮ ಮಿತ್ರರು ಆ ದಾರಿಯಲ್ಲೇ ಮೂವತ್ತು ವರ್ಷ ಕಚೇರಿಗೆ ಹೋಗಿ ಬಂದವರು. ಅದು ಯಾತರದೆಂದು ಒಂದು ದಿನವೂ ಬಸ್ಸಿಳಿದು ನೋಡಿರಲಿಲ್ಲವಂತೆ.