ಫ್ಯಾನಿಗೆ ಹಿಯರಿಂಗ್ ಯಾಕಿಲ್ಲ?

ಭಾಗ 1/6
ಫೋಟೋದಾಗ ಕಾಣೋದು ನಮ್ಮ ಸೋದರಮಾವನ ಹೊಲ. ಹುನಗುಂದ ತಾಲೂಕು, ಯರಿ ಭೂಮಿ, ನಾಕು ಎಕರೆ ಚಿಲ್ಲರೆ. ಬಿಳಿಜ್ವಾಳ ತೆಗೆದ ಮ್ಯಾಲೆ ತೆಗೆದ ಫೋಟೋ, ಅದಕ್ಕ ಬೋಳು ಕಾಣತೈತಿ. ಈ ಹೊಲದಾಗ ಒಂದು ಫ್ಯಾನ್ ನಿಲ್ಲಿಸ್ತೀವಿ ಅಂತ ಒಬ್ಬ ಏಜೆಂಟ್ ಕಾಗದ ತಂದಿದ್ದ. (ಪವನ ವಿದ್ಯುತ್ ಯಂತ್ರ ಅಂತ ಪುಸ್ತಕದಾಗ ಇರತೈತಿ. ನಮ್ಮ ಕಡೆ ಎಲ್ಲಾರೂ ಫ್ಯಾನ್ ಅಂತಾರ, ನಾನೂ ಹಂಗ ಬರೀತೀನಿ.) ಕಂಪನಿ ಯಾವುದು ಅಂತ ಕಾಮೆಂಟಿನ್ಯಾಗ ಕೇಳಬ್ಯಾಡ್ರಿ, ಹೇಳಂಗಿಲ್ಲ.

ಕಾಗದ ಪೂರ್ತಿ ಇಂಗ್ಲಿಷ್. "ಅಳಿಯಾ, ನೀ ಬಿಕಾಂ ಓದಾಕತ್ತೀದಿ, ಓದಿ ಹೇಳು" ಅಂತ ಮಾವ ನನ್ನ ಕೈಯಾಗ ಇಟ್ಟ. ಆಮೇಲೆ ಏಜೆಂಟನ ಕಡೆ ತಿರುಗಿ ಒಂದ ಪ್ರಶ್ನೆ ಕೇಳಿದ: "ಇದಕ್ಕ ಹಿಯರಿಂಗ್ ಯಾವಾಗ ಐತ್ರಿ?"

ಏಜೆಂಟ ನಕ್ಕ. "ಇದಕ್ಕ ಹಿಯರಿಂಗ್ ಇರಂಗಿಲ್ರಿ ಕಾಕಾ. ಇದು ಗ್ರೀನ್ ಎನರ್ಜಿ."

ಸುಳ್ಳು ಹೇಳಾಕತ್ತಾನ ಅಂದ್ಕೊಂಡೆ. ರಾತ್ರಿ ಕುಂತು ಹುಡುಕಿದೆ. ಅವ ಸುಳ್ಳು ಹೇಳಿರಲಿಲ್ಲ. ಯಾಕ ಹಿಂಗ ಅಂತ ತಿಳಕೊಳ್ಳಾಕ 1964ಕ್ಕ ಹೋಗಬೇಕಾತು.

ಭಾಗ 2/6
ಈ ಫೋಟೋ ಹಳೇ ಬಾಗಲಕೋಟೆಯ ಹಿನ್ನೀರಿನ ದಂಡಿ. ನಮ್ಮ ಆಯಿಯ ತವರುಮನಿ ಇಲ್ಲೇ ಎಲ್ಲೋ ನೀರಾಗ ಐತಿ.

1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಅವತ್ತು ಅವರು ಇನ್ನೂ ಪ್ರಧಾನಿ ಆಗಿರಲಿಲ್ಲ. ಐದು ದಿನಕ್ಕ ನೆಹರೂ ತೀರಿಕೊಂಡರು, ಜೂನಿನಲ್ಲಿ ಶಾಸ್ತ್ರಿ ಪ್ರಧಾನಿಯಾದರು. ಆ ಕಾಲಕ್ಕ ಈ ದೇಶದಲ್ಲಿ ಪರಿಸರ ಅನುಮತಿ ಅನ್ನೋ ಕಾಗದವೇ ಇರಲಿಲ್ಲ. ಇದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. ನಮ್ಮ ಹಿರಿಯರು ಈಗಲೂ "ಫೋರ್ ಒನ್ ನೋಟಿಸ್" ಅಂತಾರಲ್ಲ, ಅದು ಈ ಕಾಯ್ದೆಯ 4(1) ಕಲಮು. ನೋಟಿಸ್ ಬಂದ ಮ್ಯಾಲೆ ತಕರಾರು ಕೊಡಾಕ 30 ದಿನ. ಮಾವನ ತಲಿಯಾಗ ಕುಂತಿರೋ "ಹಿಯರಿಂಗ್" ಬಹುಶಃ ಇದೇ. ಆದ್ರ ತಕರಾರು ಕೊಡಬಹುದಾದವರು ಆ ಜಮೀನಿನಾಗ ಹಕ್ಕಿದ್ದವರು ಮಾತ್ರ. ಹೊಳಿ, ಮೀನು, ಕೂಲಿ, ಸಂತಿ, ಇವೆಲ್ಲಾ ಆ ಕಾಯ್ದೆಯ ಲೆಕ್ಕದಾಗ ಬರತಿರಲಿಲ್ಲ.

ಅಣೆಕಟ್ಟಿನ ಕೆಲಸ ದಶಕಗಟ್ಟಲೆ ನಡೀತು. ಅದು ಏಳೋ ಹೊತ್ತಿನೊಳಗ ಪರಿಸರದ ಕಾನೂನುಗಳು ಒಂದೊಂದಾಗಿ ಹುಟ್ಟಿದವು: 1974ರ ಜಲಮಾಲಿನ್ಯ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಭೋಪಾಲ್ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ. 1994ರ ಜನವರಿಯಲ್ಲಿ ಮೊದಲ ಪರಿಸರ ಪರಿಣಾಮ ಅಧಿಸೂಚನೆ ಬಂತು. ಜನರನ್ನ ಕರೆದು ಕೇಳಬೇಕು ಅನ್ನೋ ನಿಯಮ ಅದಕ್ಕ ಸೇರಿದ್ದು 1997ರಲ್ಲಿ. ಅದೇ ವರ್ಷ ಆಗಸ್ಟ್ 15ಕ್ಕ ವಿಜಾಪುರದಿಂದ ಬೇರೆಯಾಗಿ ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಮುಳುಗೋ ಊರಿನ ಸಲುವಾಗಿ ನಗರ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1983ರಲ್ಲೇ ಆಗಿತ್ತು. ಅಂದ್ರ ಊರು ಬಿಡೋ ವ್ಯವಸ್ಥಾ ಮೊದಲ, ಬಿಡಬೇಕೋ ಬ್ಯಾಡೋ ಅಂತ ಕೇಳೋ ನಿಯಮ 14 ವರ್ಷದ ಮ್ಯಾಲೆ.

ಭಾಗ 3/6
ಇಲ್ಲಿ ಒಂದು ವಿಷಯ ನನಗ ಗೊತ್ತೇ ಇರಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಕೊಟ್ಟಿತ್ತು. 1990ರ ದಶಕದಲ್ಲಿ ಪುನರ್ವಸತಿ ಸರಿಯಾಗಿ ಆಗ್ತಿಲ್ಲ ಅಂತ ಅದು ಎರಡು ಸಲ ಹಣ ನಿಲ್ಲಿಸಿತು. ಮುಳುಗಡೆ ಮಂದಿಯ ಸಲುವಾಗಿ ಒಂದು ಬ್ರೇಕ್ ಬಿತ್ತು ಅಂದ್ರ ಅದು ಸಾಲಗಾರನ ಷರತ್ತಿನಿಂದ. ಅಕೌಂಟ್ಸ್ ಓದೋನಿಗೆ ಇದು ವಿಚಿತ್ರ ಅನಸಂಗಿಲ್ಲ, ಆದ್ರೂ ಬ್ಯಾಸರ ಆಗತೈತಿ.

2000ದ ಏಪ್ರಿಲ್ 25ಕ್ಕ ಸುಪ್ರೀಂ ಕೋರ್ಟ್ ತೀರ್ಪು. ಆಂಧ್ರ ತಕರಾರು ಎತ್ತಿತ್ತು. ಕೋರ್ಟ್ 519.6 ಮೀಟರ್ ಎತ್ತರಕ್ಕ ಒಪ್ಪಿತು, ಆದ್ರ ಕೇಂದ್ರದ ಸಂಬಂಧಪಟ್ಟ ಅನುಮತಿಗಳನ್ನ ಪಡೀಬೇಕು ಅಂತ ಷರತ್ತು ಹಾಕಿತು. ಆಮೇಲೆ ಗೇಟು, ಆಮೇಲೆ ನೀರು. ಹಳೇ ಪ್ಯಾಟಿಯ ತಗ್ಗಿನ ಓಣಿಗಳು ಖಾಲಿ, ಮಂದಿ ನವನಗರಕ್ಕ. ಆಯಿ ಇದನ್ನ ಹೇಳೋದು ಒಂದೇ ಸಾಲಿನ್ಯಾಗ: "ತೊಟ್ಟಿಲು ಕಟ್ಟಿದ ತೊಲಿ ಬಿಚ್ಚಿಕೊಂಡು ಬಂದ್ವಿ."

ವಿದ್ಯುತ್ ಮನೆ 290 ಮೆಗಾವ್ಯಾಟ್. 55ರ ಐದು ಯಂತ್ರ, 15ರದ್ದು ಒಂದು. 2006ರ ಆಗಸ್ಟ್ 21ಕ್ಕ ರಾಷ್ಟ್ರಪತಿ ಕಲಾಂ ಬಂದು ಅಣೆಕಟ್ಟನ್ನ ಲೋಕಾರ್ಪಣೆ ಮಾಡಿದರು. ಸರಿಯಾಗಿ 24 ದಿನದ ಮ್ಯಾಲೆ, ಸೆಪ್ಟೆಂಬರ್ 14ಕ್ಕ, ಇವತ್ತಿಗೂ ನಡೀತಿರೋ ಪರಿಸರ ಪರಿಣಾಮ ಅಧಿಸೂಚನೆ ದಿಲ್ಲಿಯಲ್ಲಿ ಹೊರಬಂತು. ಯಾರೂ ಪ್ಲಾನ್ ಮಾಡಿದ್ದಲ್ಲ, ತಾರೀಕು ನೋಡಿದಾಗ ನನಗ ಹೊಟ್ಟ್ಯಾಗ ಒಂಥರಾ ಆತು ಅಷ್ಟ.

ಆ ಕಥಿ ಮುಗದೂ ಇಲ್ಲ. 2010ರಲ್ಲಿ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯಕ್ಕ 30 ಲಕ್ಷ. ಮುಳುಗೋದು ಇನ್ನೂ 75 ಸಾವಿರ ಎಕರೆಗಿಂತ ಹೆಚ್ಚು.

ಭಾಗ 4/6
ಈಗ ಫ್ಯಾನಿಗೆ ಬರೋಣ. (ಫೋಟೋ: ಬಾದಾಮಿಯಿಂದ ಗಜೇಂದ್ರಗಡ ಕಡೆ ಹೋದಾಗ ಗುಡ್ಡದ ಮ್ಯಾಲೆ ಕಾಣೋವು. ಬಸ್ಸಿನ ಕಿಟಕಿಯಿಂದ ತೆಗೆದದ್ದು, ಮಸಕು ಐತಿ, ಕ್ಷಮಿಸ್ರಿ.)

2006ರ ಅಧಿಸೂಚನೆಯ ಹಿಂದ ಒಂದು ಪಟ್ಟಿ ಐತಿ. ಯಾವ ಯೋಜನೆ ಆ ಪಟ್ಟಿಯಾಗ ಇರತೈತೋ ಅದಕ್ಕಷ್ಟೇ ಪರಿಸರ ಅನುಮತಿ ಬೇಕು. 2006ರಲ್ಲಿ ಬರದ ಪ್ರಕಾರ ಜಲವಿದ್ಯುತ್ 50 ಮೆಗಾವ್ಯಾಟ್ ಮತ್ತು ಮೇಲ್ಪಟ್ಟು ಇದ್ದರ ದಿಲ್ಲಿ, 25ರಿಂದ 50ರೊಳಗ ರಾಜ್ಯದ ಪ್ರಾಧಿಕಾರ ಅಂತ ಇತ್ತು. ಹಿಯರಿಂಗ್ ಅಂದ್ರ ಏನು ಅಂತಾನೂ ಅಲ್ಲೇ ಬರದಾರ: 30 ದಿನ ಮುಂಚೆ ಪೇಪರಿನಾಗ ಪ್ರಕಟಣೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ, ವಿಡಿಯೋ, ಕೊನೆಗೆ ಮಂದಿ ಹೇಳಿದ್ದನ್ನೆಲ್ಲಾ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಕನ್ನಡದಾಗ!

ಪವನ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ. ಸೋಲಾರಿಗೂ ಬೇಕಿಲ್ಲ ಅಂತ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಪಷ್ಟ ಮಾಡಿತು. 2016ರಲ್ಲಿ ಕೈಗಾರಿಕೆಗಳನ್ನ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಬಣ್ಣ ಹಚ್ಚಿ ವಿಂಗಡಿಸಿದಾಗ ಗಾಳಿ, ಸೋಲಾರ್ ಎರಡೂ ಬಿಳಿಗೆ ಹೋದವು. ಬಿಳಿ ಅಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬ್ಯಾಡ, ತಿಳಿಸಿದರ ಸಾಕು. ಮಜಾ ಅಂದ್ರ 2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೊಡ್ಡ ಜಲವಿದ್ಯುತ್ತನ್ನೂ ನವೀಕರಿಸಬಹುದಾದ ಇಂಧನ ಅಂತ ಘೋಷಿಸಿತು. ಆಯಿಯ ತವರುಮನಿ ಮುಳುಗಿಸಿದ ಕರೆಂಟೂ ಈಗ ಗ್ರೀನ್.

ವಿನಾಯಿತಿ ಕೊಟ್ಟ ಕಾರಣ ತಪ್ಪು ಅಂತ ನಾ ಹೇಳಂಗಿಲ್ಲ. ಹೊಗಿ ಇಲ್ಲ, ಬೂದಿ ಇಲ್ಲ, ಊರು ಮುಳುಗಂಗಿಲ್ಲ. ಕಲ್ಲಿದ್ದಲಿಗೆ ಹಾಕಿದ ಅಳತಿ ಫ್ಯಾನಿಗೆ ಹಾಕಿದರ ಅದೂ ಅನ್ಯಾಯ.

ಮತ್ತ ಪರ್ಮಿಷನ್ ಏನೂ ಬ್ಯಾಡ ಅಂತಲ್ಲ. ಯೋಜನೆ ಮಂಜೂರಾತಿಗೆ 1996ರಲ್ಲಿ ಶುರುವಾದ ಕ್ರೆಡಲ್, ಕೃಷಿ ಜಮೀನು ಬದಲಿಸಾಕ ಭೂಕಂದಾಯ ಕಾಯ್ದೆಯ 95ನೇ ಕಲಮು, ಲೈನಿಗೆ ಕೆಪಿಟಿಸಿಎಲ್ ಅಥವಾ ಹೆಸ್ಕಾಂ. ಅರಣ್ಯ ಜಮೀನಾದರ 1980ರ ಕಾಯ್ದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಂಥ ಸ್ಮಾರಕದ ಹತ್ತಿರ ಆದ್ರ 2010ರಿಂದ ಮೊದಲ 100 ಮೀಟರ್ ಪೂರ್ತಿ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ. ಮನಿಯಿಂದ 500 ಮೀಟರ್ ದೂರ ಇರಬೇಕು ಅಂತ 2016ರ ಕೇಂದ್ರದ ಮಾರ್ಗಸೂಚಿ. ಕಲ್ಲಿನ ಗುಡಿಗೆ, ಕಾಡಿಗೆ, ಕಂಬಕ್ಕ ಒಂದೊಂದು ಆಫೀಸು ಐತಿ. ಬಾಜೂ ಹೊಲದವನನ್ನ ಕೇಳೋ ಆಫೀಸು ಮಾತ್ರ ಇದರಾಗ ಯಾವುದೂ ಇಲ್ಲ.

ಭಾಗ 5/6
ಪಾವಗಡದ ಕಥಿ ಸಣ್ಣದಾಗಿ ಹೇಳ್ತೀನಿ, ಯಾಕಂದ್ರ ಏಜೆಂಟ ಅದನ್ನ ಉದಾಹರಣೆ ಕೊಟ್ಟ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಜಮೀನು ಕೊಂಡಿಲ್ಲ, ಬಾಡಿಗಿ. ಎಕರೆಗೆ ವರ್ಷಕ್ಕ 21 ಸಾವಿರ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಮಾಲಕತ್ವ ರೈತನದ್ದೇ ಉಳೀತು, ಇದು ಆಲಮಟ್ಟಿಗಿಂತ ಸಾವಿರ ಪಾಲು ಛಲೋ.

ಆದ್ರ ಲೆಕ್ಕ ಮಾಡ್ರಿ. 25ನೇ ವರ್ಷಕ್ಕ ಆ 21 ಸಾವಿರ ಸುಮಾರು 37,700 ಆಗತೈತಿ. ಬೆಲೆ ವರ್ಷಕ್ಕ 5% ಏರಿದರ, ಆ 37,700ಕ್ಕ ಶುರುವಿನ ವರ್ಷದ ಬೆಲೆಯೊಳಗ 11,700ರಷ್ಟ ಕಿಮ್ಮತ್ತು. ಬಾಡಿಗಿ ಏರಿದಂಗ ಕಾಣತೈತಿ, ಇಳೀತಿರತೈತಿ. ಬಾಡಿಗಿ ಬರೋದು ಪಹಣಿಯಾಗ ಹೆಸರಿದ್ದವನಿಗೆ. ಅದೇ ಹೊಲದಾಗ ಕಳೆ ತೆಗೀತಿದ್ದವಳಿಗೆ, ಕುರಿ ಮೇಯಿಸ್ತಿದ್ದವನಿಗೆ ಆ ಲೆಕ್ಕದಾಗ ಪಾಲಿಲ್ಲ. ಹಿಯರಿಂಗ್ ಇದ್ದಿದ್ದರ ಅವರೂ ಮೈಕ್ ಹಿಡಕೊಂಡು ಎರಡು ಮಾತು ಹೇಳತಿದ್ದರು, ಅದು ಕಾಗದದಾಗ ಉಳೀತಿತ್ತು.

ಭಾಗ 6/6
ಕೊನೇ ಫೋಟೋ ಒಡ್ಡಿಂದು. ಹುನಗುಂದದ ಯರಿ ಹೊಲ ನೋಡಿದವರಿಗೆ ಗೊತ್ತು, ಇಲ್ಲಿ ಬೇಸಾಯ ಅಂದ್ರ ಒಡ್ಡು. ಮಳಿ ಕಡಿಮಿ, ಬಂದ ನೀರು ಒಡ್ಡಿನ್ಯಾಗ ನಿಂತು ಇಂಗಬೇಕು, ಹೆಚ್ಚಾದದ್ದು ಕಲ್ಲಿನ ಕೋಡಿಯಿಂದ ಕೆಳಗಿನ ಹೊಲಕ್ಕ ಇಳೀಬೇಕು. ಮ್ಯಾಲಿನವ ಒಡ್ಡು ಕಡಿದರ ಕೆಳಗಿನ ಹೊಲದ ಮಣ್ಣು ಕೊಚ್ಚಿ ಹೋಗತೈತಿ. ಫ್ಯಾನಿನ ರೆಕ್ಕಿ ತರಾಕ, ಕ್ರೇನ್ ಬರಾಕ ಅಗಲ ರಸ್ತಾ ಬೇಕು. ಏಜೆಂಟ ತಂದ ನಕಾಶದಾಗ ಆ ರಸ್ತಾ ಮೂರು ಒಡ್ಡು ದಾಟಿಕೊಂಡು ಹೋಗತೈತಿ. ಎರಡು ನಮ್ಮ ಮಾವಂದು, ಮೂರನೇದು ಬಾಜೂದವರದ್ದು. ಅವರಿಗೆ ಈ ಕಾಗದದ ಸುದ್ದಿನ ಗೊತ್ತಿಲ್ಲ.

ನಾ ಫ್ಯಾನಿನ ವಿರೋಧಿ ಅಲ್ಲ. ಮಾವನೂ ಅಲ್ಲ. ಒಣಬೇಸಾಯದಾಗ ವರ್ಷಾ ಖಾತ್ರಿ ರೊಕ್ಕ ಬರತೈತಿ ಅಂದ್ರ ಯಾರಿಗೆ ಬ್ಯಾಡ? ಆದ್ರ ಕಾನೂನು ಕೇಳದ ಪ್ರಶ್ನೆನ ನಾವ ಕೇಳಬೇಕಾತು. ಇಬ್ಬರೂ ಕುಂತು ಒಂದು ಹಾಳಿ ಬರದ್ವಿ. ಕರಾರು ಕನ್ನಡದಾಗ ಬೇಕು. ಕಡಿದ ಒಡ್ಡು, ಕೋಡಿ ಮಳಿಗಾಲಕ್ಕಿಂತ ಮೊದಲ ಕಟ್ಟಿಕೊಡಬೇಕು. ಬಾಡಿಗಿ ವರ್ಷಾ ಏರಬೇಕು. ಫ್ಯಾನಿನ ಆಯುಷ್ಯ ಮುಗಿದ ಮ್ಯಾಲೆ ಬುನಾದಿಯ ಕಾಂಕ್ರೀಟ್ ಯಾರು ತೆಗೀತಾರ, ಅದರ ಡಿಪಾಜಿಟ್ ಎಲ್ಲಿ ಇಡ್ತಾರ ಅಂತ ಬರೀಬೇಕು. ಮತ್ತ ಸಹಿಗಿಂತ ಮೊದಲ ಬಾಜೂ ಹೊಲದವರನ್ನ ಕೂಡಿಸಿ ನಕಾಶ ತೋರಿಸಬೇಕು. ಈ ಕೊನೇದನ್ನ ಸೇರಿಸಿದ್ದು ಮಾವ. "ನಾಳೆ ಮಳಿ ಬಂದ್ರ ಅವರ ಮಾರಿ ನೋಡೋದು ನಾ, ಕಂಪನಿ ಅಲ್ಲ" ಅಂದ.

ಏಜೆಂಟ ಹಾಳಿಯ ಫೋಟೋ ಹೊಡಕೊಂಡು ಹೋಗ್ಯಾನ, ಸೋಮವಾರ ಹೇಳ್ತೀನಿ ಅಂದಿದ್ದ. ಎರಡು ಸೋಮವಾರ ಆದವು. ಮಾವ ನಿನ್ನೆ ಸಂಜಿ ಬಾಜೂದವರ ಮನಿಗೆ ತಾನ ಹೋಗಿ ನಕಾಶ ತೋರಿಸಿ ಬಂದಾನ.

#ಬಾಗಲಕೋಟೆ #ಹುನಗುಂದ #ಮುಳುಗಡೆ #ಗಾಳಿಫ್ಯಾನ್